ಮನೆಯ ಸುತ್ತಲಿನ ಜಾಗ: ಅಂಗಳ, ಹಿತ್ತಿಲುಗಳಿಗೆ ಋತುಮಾನಕ್ಕೆ ತಕ್ಕ ಏರ್ಪಾಡು

(ರೈತರ ತರಬೇತಿ ಶಿಬಿರಕ್ಕಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಹೊಲಕ್ಕೆ ಬದು ಹಾಕಿ ಮಳೆಯ ನೀರನ್ನು ಇಂಗಿಸುವ ರೈತನ ಮನೆಯ ಹಿಂದೆಯೇ ಬಚ್ಚಲ ನೀರು ನಿಂತು ಕೊಳೆಯುತ್ತಿರುವುದು ಬಯಲುಸೀಮೆಯ ಅನೇಕ ಊರುಗಳಲ್ಲಿ ಇಂದಿಗೂ ಕಂಡುಬರುತ್ತದೆ. ಹೊಲದಲ್ಲಿ ಒಂದು ಗುಂಟೆಯೂ ಪಾಳು ಬೀಳಬಾರದೆಂದು ಎಚ್ಚರ ವಹಿಸುವವರು ಮನೆಯ ಸುತ್ತಲಿನ ಜಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರವತ್ತು ಅಡಿ ಅಗಲ, ಎಂಬತ್ತು ಅಡಿ ಉದ್ದದ ನಿವೇಶನದಲ್ಲಿ ಮೂವತ್ತಕ್ಕೆ ನಲವತ್ತು ಅಡಿಯ ಮನೆ ಕಟ್ಟಿದರೆ ಉಳಿಯುವ ಜಾಗ 3,600 ಚದರ ಅಡಿ, ಅಂದರೆ ಮೂರು ಗುಂಟೆಗೂ ಮಿಗಿಲು. ಇಷ್ಟು ಜಾಗವನ್ನು ಸರಿಯಾಗಿ ಅಣಿಗೊಳಿಸಿದರೆ ಮನೆಗೆ ಬೇಕಾದ ಸೊಪ್ಪು, ಕಾಯಿ, ಹಣ್ಣು, ಹೂವುಗಳ ಬಹುಭಾಗ ಅಲ್ಲಿಯೇ ಸಿಗುತ್ತದೆ. ಅಣಿಗೊಳಿಸದೆ ಬಿಟ್ಟರೆ ಅದೇ ಜಾಗ ಸೊಳ್ಳೆ, ಇಲಿ, ಗೆದ್ದಲುಗಳ ನೆಲೆಯಾಗುತ್ತದೆ. ಕಪ್ಪು ಮಣ್ಣಿನಲ್ಲಿ ಮನೆಯ ಗೋಡೆಗೇ ಸಂಚಕಾರ ತರುತ್ತದೆ.

ಮನೆಯ ಸುತ್ತ ತೋಟವೆಂದ ಕೂಡಲೆ ಹುಲ್ಲುಹಾಸು, ಕುಂಡಗಳಲ್ಲಿನ ಪರದೇಶದ ಗಿಡಗಳು ಕಣ್ಣ ಮುಂದೆ ಬರುವುದು ಸಹಜ. ಹುಲ್ಲುಹಾಸಿಗೆ ಬೇಸಿಗೆಯಲ್ಲಿ ಬೇಕಾಗುವ ನೀರನ್ನು ಕೊಳವೆ ಬಾವಿಯಿಂದ ಎತ್ತಿ ಸುರಿಯುವುದು ಒಣಪ್ರದೇಶದ ರೈತನ ಕೆಲಸವಲ್ಲ. ಇಲ್ಲಿ ಹೇಳಹೊರಟಿರುವುದು ಧಾರವಾಡ, ಹಾವೇರಿ, ಗದಗ ಕಡೆಯ ಒಂದು ಸಾಧಾರಣ ರೈತನ ಮನೆಯ ಮಾತು: ಬಾಗಿಲು ಪೂರ್ವಕ್ಕೆ, ಹಿತ್ತಿಲು ಪಶ್ಚಿಮಕ್ಕೆ, ನೆಲ ಕಪ್ಪು ಮಣ್ಣು, ಮನೆಯಲ್ಲಿ ಐದು ಜನ, ಎರಡು ಎತ್ತು, ಒಂದು ಆಕಳು. ಕೆಂಪು ಮಣ್ಣಿನ ಸೀಮೆಯವರು ಅಲ್ಲಲ್ಲಿ ಹೇಳುವ ಬದಲಾವಣೆ ಮಾಡಿಕೊಂಡರೆ ಸಾಕು.

ಮೊದಲು ನೀರಿನ ವಿಷಯ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರಿನ ಲೆಕ್ಕ ಹಿಡಿಯಲಾಗಿದೆ. ಐದು ಜನರ ಮನೆಗೆ ಇದು 275 ಲೀಟರ್ ಆಯಿತು. ಇದರಲ್ಲಿ ಮೂರರಲ್ಲಿ ಎರಡು ಪಾಲು ಸ್ನಾನ, ಬಟ್ಟೆ, ಪಾತ್ರೆಗಳ ನೀರಾಗಿ ಹೊರಗೆ ಬರುತ್ತದೆಂದು ಇಟ್ಟುಕೊಂಡರೆ ದಿನಕ್ಕೆ ಸುಮಾರು 180 ಲೀಟರ್, ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಹನ್ನೆರಡು ಕೊಡ. ಹಿಂದೆ ಬಾವಿಯಿಂದ ಹೊತ್ತು ತರುತ್ತಿದ್ದ ಕಾಲದಲ್ಲಿ ಬಚ್ಚಲಿಗೆ ಇಷ್ಟು ನೀರು ಬೀಳುತ್ತಿರಲಿಲ್ಲ. ನಲ್ಲಿ ಬಂದಿತು, ಹೊರಹೋಗುವ ದಾರಿ ಮಾತ್ರ ಹಳೆಯದೇ ಉಳಿಯಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದು, "ಕಾಕಾ, ನಿಮ್ಮ ಬಚ್ಚಲ ನೀರು ನಮ್ಮ ಕಟ್ಟೀಗೆ ಬರಾಕ ಹತ್ತೇತ್ರಿ, ಏನರ ದಾರಿ ಮಾಡ್ರಿ" ಎಂದು ಕೇಳುವವರೆಗೂ ಯಾರೂ ಅತ್ತ ನೋಡುವುದಿಲ್ಲ. ಅಣ್ಣ ತಮ್ಮಂದಿರ ನಡುವೆ ಕೂಡ ಈ ನೀರು ಮನಸ್ತಾಪ ತಂದ ಉದಾಹರಣೆಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಟ್ಟು, ಹುಳುವಾಗಿ, ರೆಕ್ಕೆ ಬಂದು ಹಾರಲು ಏಳರಿಂದ ಹತ್ತು ದಿನ ಸಾಕು. ಕೊಳಚೆಯಲ್ಲಿ ಹುಟ್ಟುವ ಸೊಳ್ಳೆಯ ಜಾತಿ ಬೇರೆ, ಡೆಂಗ್ಯೂ ಹರಡುವ ಸೊಳ್ಳೆಯ ಜಾತಿ ಬೇರೆ ಎಂಬುದನ್ನು ನೆನಪಿಡಬೇಕು. ಎರಡನೆಯದು ತಿಳಿನೀರನ್ನೇ ಹುಡುಕುತ್ತದೆ. ಒಡೆದ ಮಡಕೆ, ತೆಂಗಿನ ಚಿಪ್ಪು, ಟ್ರ್ಯಾಕ್ಟರಿನ ಹಳೆಯ ಟೈರು, ಮುಚ್ಚಳವಿಲ್ಲದ ಸಿಂಟೆಕ್ಸ್, ಇವೇ ಅದಕ್ಕೆ ಮೆಚ್ಚಿನ ಸ್ಥಳಗಳು. ಅದು ಹಗಲಿನಲ್ಲಿ ಕಚ್ಚುತ್ತದೆ. ಆದುದರಿಂದ ಬಚ್ಚಲ ನೀರಿಗೆ ದಾರಿ ಮಾಡಿದ ಮಾತ್ರಕ್ಕೆ ಡೆಂಗ್ಯೂ ದೂರವಾಯಿತೆಂದು ಭಾವಿಸಕೂಡದು. ವಾರಕ್ಕೊಂದು ದಿನ ದನಗಳ ಬಾನಿ, ನೀರಿನ ತೊಟ್ಟಿ, ಹಂಡೆಗಳನ್ನು ಬರಿದು ಮಾಡಿ, ಒಳಬದಿಯನ್ನು ತಿಕ್ಕಿ ತೊಳೆದು ಒಣಗಿಸುವ ರೂಢಿ ಇಟ್ಟುಕೊಳ್ಳಬೇಕು. ಸುಮ್ಮನೆ ನೀರು ಚೆಲ್ಲಿದರೆ ಸಾಲದು, ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತವೆ.

ಬಚ್ಚಲ ನೀರಿಗೆ ಇಂಗುಗುಂಡಿ ತೋಡಬೇಕೆಂದು ಎಲ್ಲ ಕಡೆ ಹೇಳಲಾಗುತ್ತದೆ. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಕೆಳಗೆ ದಪ್ಪ ಕಲ್ಲು, ನಡುವೆ ಮಧ್ಯಮ ಗಾತ್ರದ ಕಲ್ಲು, ಮೇಲೆ ಜಲ್ಲಿ ತುಂಬುವ ಈ ಪದ್ಧತಿ ಕೆಂಪು ಮಣ್ಣಿನಲ್ಲಿ, ಮರಳು ಮಿಶ್ರಿತ ಮಣ್ಣಿನಲ್ಲಿ ಚೆನ್ನಾಗಿ ನಡೆಯುತ್ತದೆ. ಕಪ್ಪು ಮಣ್ಣಿನಲ್ಲಿ ನಡೆಯುವುದಿಲ್ಲ. ಆ ಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ನೀರು ಕೆಳಗಿಳಿಯುವುದೇ ಕಷ್ಟ. ಗುಂಡಿ ಕೆಲವೇ ದಿನಗಳಲ್ಲಿ ತುಂಬಿ ಮೇಲೆ ಹರಿಯುತ್ತದೆ. ಯೋಜನೆಯ ಕಾಗದದಲ್ಲಿ ಇದೆಯೆಂದು ಎಲ್ಲ ಊರಿಗೂ ಒಂದೇ ಅಳತೆಯ ಗುಂಡಿ ತೋಡಿಸುವುದು ಹಣ ವ್ಯರ್ಥ ಮಾಡಿದಂತೆ. ಗ್ರಾಮ ಮಟ್ಟದ ಕಾರ್ಯಕರ್ತರು ಮೊದಲು ಸಲಿಕೆಯಿಂದ ಒಂದು ಅಡಿ ಕುಣಿ ತೆಗೆದು, ನೀರು ಸುರಿದು, ಎಷ್ಟು ಹೊತ್ತಿನಲ್ಲಿ ಇಂಗುತ್ತದೆಂಬುದನ್ನು ನೋಡಿ ಆಮೇಲೆ ಸಲಹೆ ಕೊಡುವುದು ಒಳಿತು. ಮಣ್ಣು ಯಾವುದೇ ಇರಲಿ, ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ ಐವತ್ತು ಅಡಿ ದೂರವಿರಬೇಕು. ಶೌಚಾಲಯದ ನೀರನ್ನು ಇದಕ್ಕೆ ಎಂದೂ ಸೇರಿಸಕೂಡದು. ಅದರ ಗುಂಡಿಗಳು ಬೇರೆಯೇ.

ಕಪ್ಪು ಮಣ್ಣಿನವರಿಗೆ ಬಾಳೆಯ ಪಾತಿಯೇ ಇಂಗುಗುಂಡಿ. ಬೇಸಿಗೆಯಲ್ಲಿ ಬೆಳೆದ ಒಂದು ಬಾಳೆ ಗಿಡಕ್ಕೆ ದಿನಕ್ಕೆ 15ರಿಂದ 20 ಲೀಟರ್ ನೀರು ಬೇಕು. ಆರು ಗಿಡಗಳಿದ್ದರೆ 180 ಲೀಟರಿನಲ್ಲಿ ಬಹುಪಾಲು ಅಲ್ಲಿಯೇ ಖರ್ಚಾಗುತ್ತದೆ. ಉಳಿದದ್ದಕ್ಕೆ ಪಾತಿಯ ಅಂಚಿನಲ್ಲಿ ಕೆಸು, ಕ್ಯಾನಾ ಹೂವಿನ ಗಿಡ ಹಚ್ಚಬಹುದು. ಬಚ್ಚಲಿನಿಂದ ಹೊರಗೆ ಬಂದ ನೀರು ಮೊದಲು ಒಂದೂವರೆ ಅಡಿಯ ಚಿಕ್ಕ ತೊಟ್ಟಿಗೆ ಬೀಳುವಂತೆ ಮಾಡಬೇಕು. ಅನ್ನದ ಅಗುಳು, ಕೂದಲು, ಸಾಬೂನಿನ ಜಿಗಟು ಅಲ್ಲಿ ತಂಗುತ್ತವೆ. ಅದರ ಮೇಲೆ ಬಿಗಿಯಾದ ಕಲ್ಲು ಚಪ್ಪಡಿ ಇರಲಿ. ವಾರಕ್ಕೊಮ್ಮೆ ತೆಗೆದು, ಅಲ್ಲಿ ಕುಳಿತದ್ದನ್ನು ತಿಪ್ಪೆಗೆ ಹಾಕಬೇಕು. ಆ ತೊಟ್ಟಿಯಿಂದ ಪಾತಿಗೆ ಕೊಳವೆಯನ್ನೋ ಕಲ್ಲಿನ ಕಾಲುವೆಯನ್ನೋ ಹಾಕಿ, ಹತ್ತು ಅಡಿಗೆ ಎರಡರಿಂದ ಮೂರು ಅಂಗುಲ ಇಳಿಜಾರು ಕೊಡಬೇಕು. ಇಳಿಜಾರು ಕಡಿಮೆಯಾದರೆ ನೀರು ಕಾಲುವೆಯಲ್ಲಿಯೇ ನಿಲ್ಲುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ಬಟ್ಟೆ ಒಗೆದ ನೀರಿನಲ್ಲಿ ಸೋಡಾ ಅಂಶ ಇರುತ್ತದೆ. ಒಂದೇ ಜಾಗಕ್ಕೆ ವರ್ಷಗಟ್ಟಲೆ ಬಿಟ್ಟರೆ ಜೇಡಿ ಮಣ್ಣು ಗಡಸಾಗಿ ಗಾಳಿಯಾಡದಂತಾಗುತ್ತದೆ. ಆದುದರಿಂದ ಎರಡು ಪಾತಿ ಮಾಡಿ, ಒಂದು ತಿಂಗಳು ಇತ್ತ, ಒಂದು ತಿಂಗಳು ಅತ್ತ ತಿರುಗಿಸುವುದು ಒಳ್ಳೆಯದು. ಗೊಬ್ಬರ ಧಾರಾಳವಾಗಿ ಹಾಕಬೇಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆ, ಮೆಂತ್ಯೆಗಳಿಗೆ ಈ ನೀರನ್ನು ಬಿಡಲೇಬಾರದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬೇರೆ ಹಿಡಿದರೆ ಅವುಗಳಿಗೆ ಹಾಕಬಹುದು.

ಇನ್ನು ಮಾಡಿನ ನೀರು. 1,200 ಚದರ ಅಡಿಯ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,700 ಲೀಟರಿಗೂ ಮಿಕ್ಕಿ ನೀರು ಇಳಿಯುತ್ತದೆ. ಇದು ಗೋಡೆಯ ಬುಡದಲ್ಲಿ ಸುರಿದು ಅಲ್ಲಿಯೇ ನಿಂತರೆ ಏನಾಗುತ್ತದೆಂಬುದು ಕಪ್ಪು ಮಣ್ಣಿನ ರೈತರಿಗೆ ಹೊಲದಲ್ಲಿಯೇ ಗೊತ್ತು. ಆ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಮನೆಯ ಒಂದು ಮೂಲೆ ಮಾತ್ರ ಸದಾ ಹಸಿಯಾಗಿದ್ದು ಇನ್ನೊಂದು ಮೂಲೆ ಒಣಗಿದ್ದರೆ ತಳಪಾಯ ಒಂದು ಕಡೆ ಏಳುತ್ತದೆ, ಒಂದು ಕಡೆ ಇಳಿಯುತ್ತದೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತದೆ. ಇದಕ್ಕೆ ಗೌಂಡಿಯನ್ನು ಬೈದು ಫಲವಿಲ್ಲ. ಬಾಳೆ ಪಾತಿ ಗೋಡೆಗೆ ತಾಗಿರುವುದು, ಬಚ್ಚಲ ನೀರು ಬುಡದಲ್ಲಿ ಇಂಗುವುದು, ನೀರನ್ನು ಹೀರುವ ದೊಡ್ಡ ಮರ ಗೋಡೆಗೆ ಹತ್ತಿರವಿರುವುದು, ಈ ಮೂರೂ ಬಿರುಕಿಗೆ ಕಾರಣಗಳೇ. ಮನೆಯ ಸುತ್ತ ಎರಡೂವರೆ ಅಡಿ ಅಗಲಕ್ಕೆ ಕಲ್ಲು ಚಪ್ಪಡಿ ಹಾಸಿ, ಅಥವಾ ಗರಸನ್ನು ಗಟ್ಟಿಯಾಗಿ ಬಡಿದು, ಹೊರಕ್ಕೆ ಇಳಿಜಾರು ಕೊಡಬೇಕು. ಬಾಳೆ ಪಾತಿ ಗೋಡೆಯಿಂದ ಹದಿನೈದು ಅಡಿ ಆಚೆಗಿರಲಿ. ಮಾಡಿನ ನೀರನ್ನು ದೋಣಿ ಕಟ್ಟಿ ಒಂದು ಕಡೆಗೆ ತಂದು, ಮೊದಲ ಮಳೆಯ ಕೊಳೆಯನ್ನು ಹೊರಬಿಟ್ಟು, ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೆ ದನಕ್ಕೆ, ಗಿಡಕ್ಕೆ ಆಗುತ್ತದೆ.

ಇತ್ತೀಚೆಗೆ ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಕೂಡಲೆ ಅಂಗಳಕ್ಕೆಲ್ಲ ಸಿಮೆಂಟು ಬಳಿಸುವ ಚಾಳಿ ಬೆಳೆದಿದೆ. ಕೆಸರಿನ ಕಾಟ ತಪ್ಪುವುದೇನೋ ನಿಜ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಆ ನೆಲ ಕಾದು, ರಾತ್ರಿಯವರೆಗೆ ಮನೆಯೊಳಕ್ಕೆ ಕಾವು ಬಿಡುತ್ತದೆ. ಮಳೆಯ ನೀರು ಒಂದು ಹನಿಯೂ ಇಂಗದೆ ಬೀದಿಗೆ ಹರಿಯುತ್ತದೆ. ಓಡಾಡುವ ದಾರಿಗೆ, ಕಾಳು ಒಣಹಾಕುವಷ್ಟು ಜಾಗಕ್ಕೆ ಕಲ್ಲು ಹಾಸಿದರೆ ಸಾಕು. ಉಳಿದದ್ದು ಮಣ್ಣಾಗಿಯೇ ಇರಲಿ.

ಗಿಡ ಮರಗಳನ್ನು ಎಲ್ಲಿ ನೆಡಬೇಕೆಂಬುದನ್ನು ಬಿಸಿಲು ಮತ್ತು ಗಾಳಿ ನಿರ್ಧರಿಸುತ್ತವೆ. ಮೇ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಮನೆಯನ್ನು ಸುಡುವುದು ಮಧ್ಯಾಹ್ನ ಮೂರರ ನಂತರ ಪಶ್ಚಿಮ ಗೋಡೆಗೆ ಹೊಡೆಯುವ ಬಿಸಿಲು. ಹಿತ್ತಿಲು ಪಶ್ಚಿಮಕ್ಕಿರುವುದರಿಂದ ನೆರಳಿನ ಮರಕ್ಕೆ ಅದೇ ಸ್ಥಳ. ಆದರೆ ಮುಂಗಾರಿನ ಗಾಳಿಯೂ ಪಶ್ಚಿಮ, ನೈಋತ್ಯದಿಂದಲೇ ಬೀಸುತ್ತದೆ. ಆ ಕಡೆ ಕೊಂಬೆ ಮುರಿಯುವ ಮರವಿದ್ದರೆ ಆಷಾಢದ ಗಾಳಿಗೆ ಅದು ನೇರವಾಗಿ ಹಂಚಿನ ಮೇಲೆ ಬರುತ್ತದೆ. ಹೀಗಾಗಿ ಪಶ್ಚಿಮಕ್ಕೆ ಬೇವು, ಹೊಂಗೆಗಳಂಥ ಗಟ್ಟಿ ಮರಗಳನ್ನು ಮನೆಯಿಂದ ಇಪ್ಪತ್ತೈದು ಅಡಿ ದೂರಕ್ಕೆ, ಬೇಲಿಯ ಸಮೀಪ ನೆಡಬೇಕು. ಇವೆರಡೂ ಶಿವರಾತ್ರಿಯ ಆಸುಪಾಸಿಗೆ ಎಲೆ ಉದುರಿಸಿ, ಬೇಸಿಗೆ ಬಲಿಯುವ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತವೆ. ಆಲ, ಅರಳಿ ಮರಗಳು ಊರ ಕಟ್ಟೆಗೆ ಇರಲಿ. ಗೋಡೆಯ ಸಂದಿನಲ್ಲಿ ತಾನಾಗಿ ಹುಟ್ಟಿದ ಅರಳಿಯನ್ನು ಕೀಳಲು ಮನಸ್ಸು ಬಾರದಿದ್ದರೆ ಚಿಕ್ಕದಿರುವಾಗಲೇ ಬೇರುಸಹಿತ ಎಬ್ಬಿಸಿ ಬೇರೆ ಕಡೆ ನೆಡಬಹುದು.

ನುಗ್ಗೆಯ ಕೊಂಬೆ ಬಹಳ ಪೆಳಸು. ಅದಕ್ಕೆ ಗಾಳಿಯ ಮರೆಯಾದ ಪೂರ್ವ ಅಥವಾ ಈಶಾನ್ಯದ ಬದಿ ಒಳ್ಳೆಯದು. ಭಾಗ್ಯ, ಪಿ.ಕೆ.ಎಂ.-1 ತಳಿಗಳನ್ನು ಬೀಜದಿಂದಲೇ ಬೆಳೆಸಬಹುದು. ಎರಡೂವರೆ ಅಡಿ ಎತ್ತರಕ್ಕೆ ಬಂದಾಗ ತುದಿ ಚಿವುಟಿದರೆ ಪಕ್ಕದ ಕೊಂಬೆಗಳು ಬರುತ್ತವೆ. ಫಸಲು ಮುಗಿದ ಮೇಲೆ ನೆಲದಿಂದ ಮೂರು ಅಡಿಗೆ ಕಡಿದು ಗೊಬ್ಬರ ಕೊಟ್ಟರೆ ಮತ್ತೆ ಚಿಗುರಿ, ಕೈಗೆಟಕುವ ಎತ್ತರದಲ್ಲಿ ಸೊಪ್ಪು, ಕಾಯಿ ಸಿಗುತ್ತದೆ. ಮಳೆಗಾಲದಲ್ಲಿ ಕಾಂಡದ ಮೇಲೆ ಕಂಬಳಿಹುಳುಗಳು ಗುಂಪಾಗಿ ಕುಳಿತಿರುತ್ತವೆ. ಮಕ್ಕಳಿರುವ ಮನೆಯಲ್ಲಿ ಇದೇ ಕಾರಣಕ್ಕೆ ನುಗ್ಗೆ ಬೇಡವೆನ್ನುತ್ತಾರೆ. ಹುಳು ಗುಂಪಾಗಿರುವಾಗಲೇ ಸಾಬೂನಿನ ನೀರು ಸಿಂಪಡಿಸಿ ಅಥವಾ ಉದ್ದ ಕೋಲಿನ ಪಂಜಿನಿಂದ ಸೋಕಿಸಿ ನಾಶಪಡಿಸಿದರೆ ಮರ ಕಡಿಯುವ ಪ್ರಮೇಯ ಬರುವುದಿಲ್ಲ.

ದಕ್ಷಿಣದ ಬದಿಯಲ್ಲಿ ಎತ್ತರದ ಮರ ಬೇಡ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಧಾರವಾಡದ ಅಕ್ಷಾಂಶದಲ್ಲಿ ಡಿಸೆಂಬರ್ 22ರ ನಡುಮಧ್ಯಾಹ್ನ ಇಪ್ಪತ್ತು ಅಡಿ ಮರದ ನೆರಳು ಸುಮಾರು ಹದಿನಾರು ಅಡಿ ಉದ್ದವಿರುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಹೆಚ್ಚು. ಮೆಣಸಿನಕಾಯಿ, ಜೋಳ ಒಣಗಿಸುವ ಅಂಗಳಕ್ಕೂ, ಆರು ತಾಸಾದರೂ ಬಿಸಿಲು ಬೇಡುವ ತರಕಾರಿ ಮಡಿಗಳಿಗೂ ಈ ನೆರಳು ತೊಂದರೆ ಕೊಡುತ್ತದೆ. ಆದ್ದರಿಂದ ತರಕಾರಿ ಮಡಿ, ಹೂವಿನ ಗಿಡ, ಕರಿಬೇವು, ನಿಂಬೆ, ದಾಳಿಂಬೆಗಳಂಥ ಗಿಡ್ಡ ಗಿಡಗಳಿಗೆ ದಕ್ಷಿಣದ ಬದಿ ಮೀಸಲಾಗಿರಲಿ. ಕರಿಬೇವಿನಲ್ಲಿ ಧಾರವಾಡದ ಡಿ.ಡಬ್ಲ್ಯು.ಡಿ.-1, ಡಿ.ಡಬ್ಲ್ಯು.ಡಿ.-2 ತಳಿಗಳು ಪರಿಮಳಕ್ಕೆ ಹೆಸರಾಗಿವೆ. ಪೇರಲಕ್ಕೆ ಸರ್ದಾರ್ ಅಥವಾ ಅಲಹಾಬಾದ್ ಸಫೇದ ಸಾಕು. ಎಲ್ಲ ಹಣ್ಣಿನ ಗಿಡಗಳೂ ಒಂದೊಂದು ಇರಲೆಂದು ಇಕ್ಕಟ್ಟಿನಲ್ಲಿ ನೆಟ್ಟು, ಯಾವುದೂ ಫಲ ಕೊಡದಂತೆ ಮಾಡಿಕೊಂಡವರೇ ಹೆಚ್ಚು.

ತಿಪ್ಪೆಯ ಸ್ಥಳವೂ ಗಾಳಿಯ ಲೆಕ್ಕವೇ. ಪಶ್ಚಿಮದ ಹಿತ್ತಿಲಲ್ಲಿ ತಿಪ್ಪೆಯಿದ್ದರೆ ಮುಂಗಾರು ಪೂರ್ತಿ ಅದರ ವಾಸನೆ, ನೊಣ ಅಡಿಗೆಮನೆಗೆ ಬರುತ್ತವೆ. ಈಶಾನ್ಯಕ್ಕೆ ಸರಿಸಿದರೆ ಗಾಳಿ ಅದನ್ನು ಮನೆಯಿಂದ ಆಚೆಗೆ ಒಯ್ಯುತ್ತದೆ. ಈಶಾನ್ಯ ದೇವರ ಮೂಲೆ, ಅಲ್ಲಿ ತಿಪ್ಪೆ ಬೇಡವೆನ್ನುವ ಹಿರಿಯರ ಜೊತೆ ವಾದಕ್ಕಿಳಿಯುವ ಅಗತ್ಯವಿಲ್ಲ. ಉತ್ತರದ ಬದಿಯ ನಡುಭಾಗವೂ ಆಗುತ್ತದೆ. ರಾಶಿ ಹಾಕುವುದಕ್ಕಿಂತ ಮೂರು ಅಡಿ ಆಳದ ಗುಂಡಿ ಲೇಸು. ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಕಸ ಒಂದು ಪದರ, ಸಗಣಿ ಒಂದು ಪದರ ತುಂಬುತ್ತ ಬಂದು, ಮೇಲೆ ಕೆಸರು ಮೆತ್ತಿ ಮುಚ್ಚಿಬಿಡುತ್ತಾರೆ. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಪದೇ ಪದೇ ತಿರುವಿ ಹಾಕುವ ಕೆಲಸವಿಲ್ಲ, ಆಳುಗಳಿಲ್ಲದ ಈ ಕಾಲಕ್ಕೆ ಅದು ದೊಡ್ಡ ಅನುಕೂಲ. ಪ್ಲಾಸ್ಟಿಕ್ ಚೀಲ, ಗುಟಕಾ ಪೊಟ್ಟಣಗಳನ್ನು ಮೊದಲೇ ಬೇರ್ಪಡಿಸದಿದ್ದರೆ ಎಲ್ಲವೂ ಹೊಲಕ್ಕೆ ಹೋಗಿ ಕುಂಟೆಗೆ ಸಿಕ್ಕಿಕೊಳ್ಳುತ್ತವೆ.

ಬಣವಿ ಮಾತ್ರ ಈ ನಿವೇಶನದೊಳಗೆ ಇರತಕ್ಕದ್ದಲ್ಲ. ಬೆಂಕಿ ತಾಗಿದರೆ ಮನೆ, ಕೊಟ್ಟಿಗೆ, ದನ ಒಟ್ಟಿಗೆ ಹೋಗುತ್ತವೆ. ಐವತ್ತು ಅರವತ್ತು ಅಡಿಯ ಅಂತರ ಇಲ್ಲಿ ಸಿಗುವುದೇ ಇಲ್ಲ. ವಿದ್ಯುತ್ ತಂತಿಯ ಕೆಳಗಂತೂ ಬೇಡವೇ ಬೇಡ. ಕಣದಲ್ಲಿ ಒಟ್ಟಿ, ನಾಲ್ಕು ದಿನಕ್ಕೆ ಬೇಕಾದಷ್ಟು ಮೇವನ್ನು ಮಾತ್ರ ತಂದಿಡುವುದು ಸ್ವಲ್ಪ ದುಡಿಮೆಯ ಕೆಲಸವಾದರೂ ರೂಢಿಯಾಗಬೇಕು. ಕಟ್ಟಿಗೆಯನ್ನು ಗೋಡೆಗೆ ಒರಗಿಸಿ ಒಟ್ಟಿದರೆ ಗೆದ್ದಲು ಅಲ್ಲಿಂದ ಬಾಗಿಲ ಚೌಕಟ್ಟಿಗೆ ಏರುತ್ತದೆ, ಇಲಿ ಸೇರುತ್ತದೆ, ಇಲಿಯ ಬೆನ್ನಿಗೆ ಹಾವು ಬರುತ್ತದೆ. ನೆಲದಿಂದ ಒಂದು ಅಡಿ ಎತ್ತರದ ಕಲ್ಲಿನ ಮೇಲೆ, ಗೋಡೆಯಿಂದ ದೂರ ಪೇರಿಸಬೇಕು.

ಇನ್ನು ಕಾಲಕ್ಕೆ ತಕ್ಕ ಕೆಲಸಗಳು. ಗಿಡದ ಕುಣಿಗಳನ್ನು ಏಪ್ರಿಲ್, ಮೇ ತಿಂಗಳಲ್ಲಿಯೇ ತೋಡಿ ಬಿಸಿಲಿಗೆ ಬಿಡಬೇಕು. ದೊಡ್ಡ ಮರಗಳಿಗೆ ಮೂರು ಅಡಿ, ನಿಂಬೆ, ಕರಿಬೇವುಗಳಿಗೆ ಎರಡು ಅಡಿ. ಮೇಲ್ಮಣ್ಣಿಗೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮೃಗಶಿರಾ ಮಳೆ ಹದವಾಗಿ ಆದ ಮೇಲೆ ನೆಡಬೇಕು. ಬೇಲಿಯ ಕಡ್ಡಿಗಳನ್ನು ಊರುವುದಕ್ಕೂ ಮೃಗಶಿರಾ, ಆರಿದ್ರಾ ಮಳೆಗಳೇ ತಕ್ಕವು. ಗೊಬ್ಬರದ ಗಿಡ, ಲಕ್ಕಿ, ದಾಸವಾಳ, ಗೋರಂಟಿ ಎಲ್ಲವೂ ಬೇಲಿಗೆ ಆಗುತ್ತವೆ. ಗೊಬ್ಬರದ ಗಿಡವನ್ನು ವರ್ಷಕ್ಕೆ ಎರಡು ಮೂರು ಸಲ ಕಡಿದು ಸೊಪ್ಪನ್ನು ಪಾತಿಗಳಿಗೆ ಹಾಕಬಹುದು. ಕಣಗಿಲೆಯನ್ನು ಹೂವಿನ ಆಸೆಗೆ ಬೇಲಿಯಲ್ಲಿ ನೆಡುವವರು ಯೋಚಿಸಬೇಕು. ಅದರ ಎಲೆ ದನಗಳಿಗೆ ವಿಷ, ಹಳದಿ ಕಣಗಿಲೆಯ ಬೀಜ ಮಕ್ಕಳಿಗೆ ವಿಷ. ಲಂಟಾನವೂ ದನಗಳ ಪಿತ್ತಕೋಶ, ಯಕೃತ್ತುಗಳನ್ನು ಕೆಡಿಸುತ್ತದೆ.

ಮೊದಲ ಮಳೆಯ ಜೊತೆಗೇ ಪಾರ್ಥೇನಿಯಂ ಮೇಲೇಳುತ್ತದೆ. ಇದರ ಮೇಲೆ ಬಿಡಲೆಂದು ಮೆಕ್ಸಿಕೋ ದೇಶದಿಂದ ತಂದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಹೊರಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆ ತಿಂದು ಗಿಡವನ್ನು ಬೋಳಿಸುವುದನ್ನು ಅಲ್ಲಲ್ಲಿ ಕಾಣಬಹುದು. ಆದರೆ ಮನೆಯ ಸುತ್ತ ದುಂಬಿಗಾಗಿ ಕಾಯುವಂತಿಲ್ಲ. ಹೂ ಬಿಡುವ ಮೊದಲು, ನೆಲ ಹಸಿಯಾಗಿರುವಾಗ, ಕೈಗೆ ಚೀಲ ಕಟ್ಟಿಕೊಂಡು ಬೇರುಸಹಿತ ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು. ಹೂ ಬಂದ ಮೇಲೆ ಗುಂಡಿಗೆ ಹಾಕಿದರೆ ಬೀಜ ಹೊಲಕ್ಕೆ ಹೋದಂತೆಯೇ.

ಹೂವಿನ ವಿಷಯದಲ್ಲಿ ಹಬ್ಬದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಚೆಂಡು ಹೂವಿನ ಸಸಿ ನಾಟಿಗೆ ಬರಲು ನಾಲ್ಕು ವಾರ, ನಾಟಿಯಿಂದ ಹೂವಿಗೆ ಆರೇಳು ವಾರ. ದಸರೆಗೆ ಬೇಕಾದರೆ ಆರಿದ್ರಾ ಮಳೆಯಲ್ಲಿ, ದೀಪಾವಳಿಗೆ ಬೇಕಾದರೆ ಪುಷ್ಯ ಮಳೆಯಲ್ಲಿ ಸಸಿ ಮಡಿಗೆ ಬೀಜ ಬೀಳಬೇಕು. ಸೇವಂತಿಗೆಯನ್ನು ಜೂನಿನಲ್ಲಿ ನೆಟ್ಟರೆ ಹಗಲು ಕಿರಿದಾಗುತ್ತ ಬಂದಂತೆ ತಾನಾಗಿ ಹೂ ಬಿಡುತ್ತದೆ. ದುಂಡು ಮಲ್ಲಿಗೆಗೆ ನವೆಂಬರ್ ಕೊನೆಯಲ್ಲಿ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ, ಆಮೇಲೆ ಗೊಬ್ಬರ, ನೀರು ಕೊಡಬೇಕು. ಕತ್ತರಿ ಹಾಕಲು ಮನಸ್ಸಿಲ್ಲದೆ ಬಳ್ಳಿ ಬೆಳೆಯಲು ಬಿಟ್ಟವರಿಗೆ ಎಲೆ ಸಿಗುತ್ತದೆ, ಹೂ ಸಿಗುವುದಿಲ್ಲ.

ಚಳಿಗಾಲ ತರಕಾರಿಗೆ ಸುಗ್ಗಿ. ಹಸ್ತ, ಚಿತ್ತಾ ಮಳೆಗಳ ಹೊತ್ತಿಗೆ ಮೆಂತ್ಯೆ, ಪಾಲಕ, ಮೂಲಂಗಿ, ಗಜ್ಜರಿಗಳನ್ನು ಎಲ್ಲವನ್ನೂ ಒಂದೇ ದಿನ ಬಿತ್ತದೆ, ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಬೇಕು. ಇಲ್ಲವಾದರೆ ಒಂದು ವಾರ ಊರಿಗೆಲ್ಲ ಹಂಚಿ, ಮುಂದಿನ ವಾರ ಸಂತೆಗೆ ಹೋಗಬೇಕಾಗುತ್ತದೆ. ಅವರೆ, ಹೀರೆ, ಪಡವಲ ಬಳ್ಳಿಗಳಿಗೆ ಬೇರೆ ಚಪ್ಪರ ಹಾಕುವ ಬದಲು ಬೇಲಿಯ ಮೇಲೆಯೇ ಹಬ್ಬಿಸಬಹುದು.

ಬೇಸಿಗೆಯಲ್ಲಿ ಹೊಸ ಸಸಿಗಳನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ, ಅದು ಬಹುಪಾಲು ಹೆಂಗಸರ ತಲೆಯ ಮೇಲೆಯೇ ಬೀಳುತ್ತದೆ. ಐದಾರು ಲೀಟರಿನ ಹಳೆಯ ಮಣ್ಣಿನ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ಸಿಕ್ಕಿಸಿ, ಗಿಡದ ಪಕ್ಕದಲ್ಲಿ ಕಂಠದವರೆಗೆ ಹೂಳಿ, ನೀರು ತುಂಬಿ ಬಾಯಿಗೆ ಮುಚ್ಚಳ ಹಾಕಿದರೆ ನಿತ್ಯ ನೀರು ಹೊರುವ ಕೆಲಸ ತಪ್ಪುತ್ತದೆ. ಮುಚ್ಚಳ ಮರೆತರೆ ಅದೂ ಸೊಳ್ಳೆಯ ತೊಟ್ಟಿಯೇ. ಬುಡಕ್ಕೆ ಎರಡು ಮೂರು ಅಂಗುಲ ದಪ್ಪಕ್ಕೆ ಒಣ ಎಲೆ, ಕಡಲೆ ಹೊಟ್ಟು ಹರಡಬೇಕು, ಕಾಂಡಕ್ಕೆ ತಾಗಿಸದೆ. ಬೇವಿನ ಎಲೆ ಉದುರುವ ಕಾಲಕ್ಕೆ ಅದನ್ನು ಗುಡಿಸಿ ಸುಡುವ ಬದಲು ಇದಕ್ಕೆ ಉಪಯೋಗಿಸಬಹುದು.

ಭರಣಿ ಮಳೆ ಏಪ್ರಿಲ್ ಕೊನೆಯ ವಾರಕ್ಕೆ ಹೂಡುತ್ತದೆ. ಅದಕ್ಕೆ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಮಾಡಿನ ದೋಣಿಯಲ್ಲಿ ಸೇರಿದ ಎಲೆ ತೆಗೆದು, ಬಚ್ಚಲ ಕಾಲುವೆಯ ಹೂಳು ಎತ್ತಿ, ಗೋಡೆಯ ಸುತ್ತಲಿನ ಗರಸು ಕುಸಿದಲ್ಲಿ ಮತ್ತೆ ಬಡಿದು, ಪಶ್ಚಿಮದ ಮರಗಳಲ್ಲಿ ಮನೆಯ ಕಡೆಗೆ ಚಾಚಿದ ಕೊಂಬೆಗಳನ್ನು ಸವರಬೇಕು. ನಂತರ ಎರಡು ಕೊಡ ನೀರನ್ನು ಗೋಡೆಯ ಬುಡದಲ್ಲಿ ಸುರಿದು, ಅದು ಯಾವ ಕಡೆಗೆ ಹರಿಯುತ್ತದೆಂಬುದನ್ನು ನಿಂತು ನೋಡಬೇಕು. ಮನೆಯ ಕಡೆಗೆ ಹರಿದರೆ ಆ ಜಾಗಕ್ಕೆ ಅಂದೇ ಮಣ್ಣು ಹಾಕತಕ್ಕದ್ದು.